ಆಮೆಯ ಕಾಲಲ್ಲಿ ನೀಲಿ ಚಪ್ಪಲಿ

"ಆ ಚಪ್ಪಲಿ ನಂದು."

ದೋಣಿ ಕಟ್ಟುವವರು ಬಿಟ್ಟುಹೋದ ಹಳೇ ಶೆಡ್ಡಿನ ಬಾಗಿಲಲ್ಲಿ ನಿಂತು ಅವನು ಹಾಗೆಂದಾಗ ಅವಳು ಏಣಿಯ ಮೇಲಿದ್ದಳು. ಬಾಯಲ್ಲಿ ನೈಲಾನ್ ದಾರ, ಕೈಯಲ್ಲಿ ದಬ್ಬಣ. ಕೆಳಗೆ ನಿಂತವನ ಎಡಗಾಲಲ್ಲಿ ನೀಲಿ ರಬ್ಬರ್ ಚಪ್ಪಲಿಯಿತ್ತು, ಬಲಗಾಲು ಬರಿದಾಗಿತ್ತು. ಸಾಕ್ಷಿಗೆಂದು ಬಜಾರಿನುದ್ದಕ್ಕೂ ಹಾಗೆಯೇ ನಡೆದು ಬಂದಿದ್ದ.

ಅವನು ಬೆರಳು ಮಾಡಿದ್ದು ಆಮೆಯ ಕಾಲಿನತ್ತ. ಶೆಡ್ಡಿನ ತುಂಬಾ ಹರಡಿಕೊಂಡಿದ್ದ ಕಡಲಾಮೆ ಅದು. ಹೊಟ್ಟೆಗೆ ಹರಿದ ಬಲೆ, ಚಿಪ್ಪಿಗೆ ಒಡೆದ ಬಕೆಟ್, ಕುತ್ತಿಗೆಗೆ ಸಾವಿರಾರು ಬಾಟಲಿ ಮುಚ್ಚಳ. ಮುಂಗಾಲುಗಳಿಗೆ ಮಾತ್ರ ಚಪ್ಪಲಿಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹೊಲಿದಿದ್ದಳು. ಎಲ್ಲವೂ ಕಡಲು ದಡಕ್ಕೆಸೆದದ್ದು, ಅವಳು ಬೆಳಿಗ್ಗೆ ಎದ್ದು ಆಯ್ದು ತಂದದ್ದು. ಊರವರು ಅವಳನ್ನು ಗುಜರಿ ರಾಣಿ ಎನ್ನುತ್ತಿದ್ದರು. ಅವಳಿಗೇನೂ ಬೇಸರವಿರಲಿಲ್ಲ. ರಾಣಿ ಅಂತಲಾದರೂ ಅಂದರಲ್ಲ!

"ನಿನ್ನೆ ಈಜೋಕೆ ಹೋಗುವಾಗ ದಡದಲ್ಲಿ ಬಿಟ್ಟಿದ್ದೆ. ವಾಪಸ್ ಬಂದ್ರೆ ಒಂದೇ ಇತ್ತು. ದಡದಲ್ಲಿ ಕಂಡಿದ್ದೆಲ್ಲ ಎತ್ಕೊಂಡು ಹೋಗೋರು ನೀವೊಬ್ಬರೇ."

"ಅದೇ ಅಂತ ಹೇಗೆ ಹೇಳ್ತೀರಿ? ಕಾಣ್ತಿರೋದು ಹಿಮ್ಮಡಿ ಒಂದೇ."

"ನಂದು ಕನ್ನಡಕದ ಅಂಗಡಿ. ನನ್ನ ಕಣ್ಣು ತಪ್ಪಲ್ಲ."

ಅವಳು ಅವನ ಕಾಲು ನೋಡಿದಳು. ಆಮೆಯ ಎಡಗಾಲು ನೋಡಿದಳು. ಮತ್ತೆ ಅವನ ಕಾಲು ನೋಡಿದಳು. ತುಟಿಯಂಚಿಗೆ ಬಂದ ನಗುವನ್ನು ಅಲ್ಲೇ ತಡೆದದ್ದು ಅವನಿಗೆ ಕಾಣಿಸಿತು, ಕಾರಣ ಮಾತ್ರ ತಿಳಿಯಲಿಲ್ಲ.

"ಸರಿ ಕನ್ನಡಕದವರೇ. ಆದ್ರೆ ಈಗ ಕಿತ್ರೆ ಅಲ್ಲೊಂದು ತೂತಾಗುತ್ತೆ. ನಾನು ಯಾವುದಕ್ಕೂ ಬಣ್ಣ ಬಳಿಯಲ್ಲ, ಕಡಲು ಕೊಟ್ಟ ಬಣ್ಣವೇ ಆಗಬೇಕು. ಇದೇ ನೀಲಿಯ ಇನ್ನೊಂದು ಸಿಕ್ಕಿದ ದಿನ ನಿಮ್ದು ಬಿಚ್ಚಿಕೊಡ್ತೀನಿ. ಹುಡುಕೋಕೆ ಬರ್ತೀರಾ?"

"ಯಾವಾಗ?"

"ನಾಳೆ ಬೆಳಿಗ್ಗೆ ಆರಕ್ಕೆ."

ಒಂದು ಹಳೇ ಚಪ್ಪಲಿಗಾಗಿ ಆರು ಗಂಟೆಗೆ ಏಳುವ ಮನುಷ್ಯ ಅವನಲ್ಲ. ಮರುದಿನ ಐದೂಮುಕ್ಕಾಲಿಗೇ ದಡದಲ್ಲಿದ್ದ.

ಅವಳು ಕಸ ಆಯುವ ರೀತಿಯೇ ಬೇರೆ. ಕೈಗೆ ಸಿಕ್ಕಿದ್ದನ್ನು ಕೂಡಲೇ ಚೀಲಕ್ಕೆ ಹಾಕುವುದಿಲ್ಲ, ತಿರುಗಿಸಿ ಮುರುಗಿಸಿ ಅದನ್ನೇ ವಿಚಾರಿಸುತ್ತಾಳೆ. "ನೀನು ಯಾರ ಮನೆಯವಳೇ?" ಎಂದು ಹಲ್ಲು ಮುರಿದ ಬಾಚಣಿಗೆಯನ್ನು ಕೇಳಿದಳು. ಆಮೇಲೆ ಅವನತ್ತ ತಿರುಗಿ, "ಇದರ ಯಜಮಾನಿದು ಗುಂಗುರು ಕೂದಲು. ಸಿಟ್ಟೂ ಜಾಸ್ತಿ," ಎಂದಳು.

"ಅದು ಹೇಗೆ ಗೊತ್ತಾಯ್ತು?"

"ಹಲ್ಲುಗಳೆಲ್ಲ ಒಂದೇ ಕಡೆ ಮುರಿದಿವೆ, ನೋಡಿ."

ತನ್ನ ಚಪ್ಪಲಿ ನೋಡಿ ತನ್ನ ಬಗ್ಗೆ ಏನೆಂದುಕೊಂಡಿರಬಹುದು? ಅಂದಿನಿಂದ ಇದೊಂದೇ ಕುತೂಹಲ ಅವನನ್ನು ಕೊರೆಯತೊಡಗಿತು. ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವಾಗಲೂ ಅದೇ ಯೋಚನೆ. ಗಿರಾಕಿ ಕೊನೇ ಸಾಲಿನ ಅಕ್ಷರಗಳನ್ನೆಲ್ಲ ತಪ್ಪು ಓದಿದರೂ "ಸರಿಯಾಗಿದೆ" ಎಂದುಬಿಟ್ಟ. ಗಲ್ಲಾದಲ್ಲಿ ಕೂತಿದ್ದ ಅಕ್ಕ ತಲೆಯೆತ್ತಿದಳು.

"ಏನೋ, ಇನ್ನೂ ಚಪ್ಪಲಿ ಸಿಗಲಿಲ್ವಾ?"

"ಹುಡುಕ್ತಾ ಇದ್ದೀನಿ."

"ಹುಡುಕು, ಹುಡುಕು. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯೋದು ಊರಿಗೆಲ್ಲ ಕಾಣ್ತಿದೆ."

ಎರಡನೇ ವಾರ ಅವಳು ಅವನ ಕೈಗೆ ಒಂದು ರಾಶಿ ಚಪ್ಪಲಿ ಕೊಟ್ಟು ವಿಂಗಡಿಸಲು ಹೇಳಿದಳು.

"ಎಡಗಾಲಿಂದು ಆಮೆಯ ಎಡಕ್ಕೆ, ಬಲಗಾಲಿಂದು ಬಲಕ್ಕೆ. ಬಾಗು ಹೊರಗೆ ಬರಬೇಕು. ಅದಲು ಬದಲಾದ್ರೆ ಆಮೆ ಕುಂಟುತ್ತೆ."

"ಒಂದೂ ತಪ್ಪಿಲ್ವಾ?"

"ಒಂದೂ ಇಲ್ಲ."

ಅವನು ತಲೆಯೆತ್ತಿ ಆಮೆಯನ್ನು ನೋಡಿದ. ತನ್ನದೆಂದು ತೋರಿಸಿದ್ದು ಆಮೆಯ ಎಡಗಾಲಿನಲ್ಲಿದೆ. ತಾನು ಕಳೆದುಕೊಂಡದ್ದು ಬಲಗಾಲಿನದು. ಅಂದರೆ ಅದು ತನ್ನದಲ್ಲ! ಮಾತು ನಾಲಿಗೆಯ ತುದಿವರೆಗೂ ಬಂತು. ಹೇಳಿದರೆ ನಾಳೆ ಆರು ಗಂಟೆಗೆ ಇಲ್ಲಿ ತನಗೇನು ಕೆಲಸ? ಬಂದ ಮಾತನ್ನು ನುಂಗಿಕೊಂಡ. ಅವಳು ದಬ್ಬಣಕ್ಕೆ ದಾರ ಪೋಣಿಸುತ್ತಾ ಅವನನ್ನೇ ನೋಡುತ್ತಿದ್ದಳು.

"ಏನೋ ಹೇಳೋಕೆ ಹೊರಟಿದ್ರಿ?"

"ಏನಿಲ್ಲ. ದಬ್ಬಣ ಚುಚ್ಚೀತು, ಹುಷಾರು."

ಅದೇ ದಿನ ಚಹಾ ಕುಡಿಯುವಾಗ ಅವಳು ಇನ್ನೊಂದು ಸುದ್ದಿ ಹೇಳಿದಳು. ಶನಿವಾರ ಲಾರಿ ಬರುತ್ತದೆ. ಆಮೆ ಎರಡು ದಿನದ ದಾರಿಯ ಒಂದು ಮಕ್ಕಳ ಮ್ಯೂಸಿಯಮ್ಮಿಗೆ ಹೋಗುತ್ತದೆ, ಜೊತೆಗೆ ಅವಳೂ. ಅಲ್ಲಿ ಇನ್ನೂ ಮೂರು ಪ್ರಾಣಿ ಮಾಡಿಕೊಡಬೇಕು. ಆರು ತಿಂಗಳ ಕೆಲಸ. ಹೇಳಿ ಮುಗಿಸಿ, ಅವನೇನಾದರೂ ಹೇಳುವನೇ ಎಂಬಂತೆ ಲೋಟದ ಮೇಲಿಂದ ನೋಡಿದಳು. ಅವನು "ಓ, ಒಳ್ಳೇದು" ಎಂದ. ಮನೆಗೆ ಹೋಗಿ ಆ "ಒಳ್ಳೇದು" ಎಂಬ ಮಾತಿಗೆ ತನ್ನನ್ನೇ ನೂರು ಸಲ ಬೈದುಕೊಂಡ.

ಗುರುವಾರ ದಡದಲ್ಲಿ ಅವನ ಕಣ್ಣಿಗೇ ಬಿತ್ತು, ಮರಳಿನಿಂದ ಅರ್ಧ ಹೊರಗೆ ಇಣುಕುತ್ತಿದ್ದ ನೀಲಿ ರಬ್ಬರ್. ಅದೇ ನೀಲಿ. ಅವಳು ಹತ್ತು ಹೆಜ್ಜೆ ಮುಂದೆ ಬಗ್ಗಿದ್ದಳು. ಅವನು ಆಕಾಶ ನೋಡುತ್ತಾ, ಕಾಲಿನಿಂದ ಮರಳು ಎಳೆದೆಳೆದು ಅದನ್ನು ಪೂರ್ತಿ ಮುಚ್ಚಿಬಿಟ್ಟ.

"ಏನಾದ್ರೂ ಸಿಕ್ತಾ?"

"ಇಲ್ಲಪ್ಪ, ಇವತ್ತು ಏನೂ ಇಲ್ಲ," ಎಂದು ಅವನು ತಲೆಯಾಡಿಸಿದ.

ಶನಿವಾರ ಬೆಳಿಗ್ಗೆ ಲಾರಿ ಬಂದು ಶೆಡ್ಡಿನ ಮುಂದೆ ನಿಂತಿತು. ಅವಳು ಕತ್ತರಿ ಹಿಡಿದು ಆಮೆಯ ಎಡಗಾಲಿನ ಹತ್ತಿರ ಕೂತಿದ್ದಳು.

"ಏನು ಮಾಡ್ತಿದ್ದೀರಿ?"

"ಕೊಟ್ಟ ಮಾತು ಅಂದ್ರೆ ಮಾತು. ತೂತಾದ್ರೆ ಆಗಲಿ, ನಿಮ್ಮ ಚಪ್ಪಲಿ ನಿಮಗೆ ಕೊಟ್ಟೇ ಹೋಗ್ತೀನಿ." ಕತ್ತರಿ ದಾರಕ್ಕೆ ತಾಗಿತು.

"ಬೇಡ! ನಿಲ್ಸಿ. ಅದು ನಂದಲ್ಲ." ಅವನು ಅವಳ ಮಣಿಕಟ್ಟು ಹಿಡಿದೇಬಿಟ್ಟಿದ್ದ. "ಅದು ಎಡಗಾಲಿಂದು. ನಾನು ಕಳ್ಕೊಂಡಿದ್ದು ಬಲಗಾಲಿಂದು. ವಿಂಗಡಿಸಿದ ದಿನವೇ ಗೊತ್ತಾಯ್ತು. ಹೇಳಲಿಲ್ಲ."

"ಯಾಕೆ?"

"ಹೇಳಿದ್ರೆ ಇಲ್ಲಿಗೆ ಬರೋಕೆ ನೆಪ ಇರ್ತಿರಲಿಲ್ಲ. ನನಗೆ ಚಪ್ಪಲಿ ಬೇಡ. ನೀವು ಬೇಕು. ನೀವು ಬಾಚಣಿಗೆ ಜೊತೆ ಮಾತಾಡೋದು ಕೇಳ್ತಾ ಇರಬೇಕು, ದಿನಾ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನನಗೆ ಮೊದಲನೇ ದಿನವೇ ಗೊತ್ತಿತ್ತು. ಹೊಲಿದೋಳು ನಾನು, ಎಡ ಬಲ ಗೊತ್ತಾಗಲ್ವಾ? ನೀವಾಗಿಯೇ ಹೇಳ್ತೀರೇನೋ ಅಂತಲೇ ವಿಂಗಡಿಸೋಕೆ ಕೊಟ್ಟೆ. ದಬ್ಬಣ ಚುಚ್ಚೀತು ಅಂದ್ರಿ."

ಅವಳು ಎಡಗೈಯಲ್ಲೇ ತನ್ನ ಚೀಲದಿಂದ ಒಂದು ನೀಲಿ ಚಪ್ಪಲಿ ತೆಗೆದು, ಅವತ್ತೂ ಬರಿದಾಗಿಯೇ ಇದ್ದ ಅವನ ಬಲಗಾಲಿನ ಮುಂದಿಟ್ಟಳು. ಅದೇ ಸವೆದ ಹಿಮ್ಮಡಿ, ಅದೇ ಅಳತೆ. ಅವನು ಕಾಲು ತೂರಿಸಿದ.

"ಗುರುವಾರ ನೀವು ಆಕಾಶ ನೋಡ್ಕೊಂಡು ಹೂತಿಟ್ರಲ್ಲ, ಅದು. ನೀವು ಹೋದ್ಮೇಲೆ ಅಗೆದು ನೋಡ್ದೆ. ತನ್ನ ಚಪ್ಪಲಿನ ತಾನೇ ಹೂತಿಡೋ ಮನುಷ್ಯನ್ನ ನಾನು ನೋಡಿರಲಿಲ್ಲ." ಈಗ ಅವಳು ನಗುವನ್ನು ತಡೆಯಲಿಲ್ಲ. "ಆದ್ರೆ ಆಗಲೇ ನನಗೂ ಧೈರ್ಯ ಬಂತು. ಇವರಿಗೂ ಹುಡುಕಾಟ ಮುಗಿಯೋದು ಬೇಡ ಅಂತ."

ಇವರಿಗೂ! ಆ 'ಊ'ಕಾರವನ್ನು ಅವನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡ.

ಆಮೆಯನ್ನು ಹಗ್ಗ ಬಿಗಿದು ಲಾರಿಗೆ ಏರಿಸಿದರು. ಡ್ರೈವರ್ ಹಾರ್ನ್ ಹೊಡೆದ. ಅವಳು ಮೆಟ್ಟಿಲ ಮೇಲೆ ನಿಂತು ಕೈ ಚಾಚಿದಳು.

"ಬಲಗಾಲಿಂದು ನನ್ನ ಹತ್ರ ಇರಲಿ, ಕೊಡಿ. ಬೇಕಾದ್ರೆ ಅಲ್ಲಿಗೇ ಬಂದು ತಗೊಳ್ಳಿ."

ಅವನು ಎರಡೂ ಕಾಲಿನಿಂದ ತೆಗೆದು ಜೋಡಿಯಾಗಿ ಕೊಟ್ಟ.

"ಇನ್ನು ನೆಪ ಬೇಡ. ಎರಡೂ ನಿಮ್ಮ ಬಾಗಿಲಲ್ಲಿರಲಿ. ಮುಂದಿನ ವಾರ ಬಂದು ಹಾಕ್ಕೋತೀನಿ, ಹೊರಡುವಾಗ ಮತ್ತೆ ಅಲ್ಲೇ ಬಿಟ್ಟು ಬರ್ತೀನಿ."

ಅವಳು ಜೋಡಿಯನ್ನು ಎದೆಗವಚಿಕೊಂಡು ಸೀಟಿನಲ್ಲಿ ಕೂತಳು. ತಿರುವಿನಲ್ಲಿ ಲಾರಿ ಮರೆಯಾಗುವವರೆಗೂ ಅವನು ನಿಂತೇ ಇದ್ದ.

ಬಿಸಿಲಿಗೆ ಕಾದ ರಸ್ತೆಯಲ್ಲಿ ಕುಪ್ಪಳಿಸುತ್ತಾ ಅಂಗಡಿ ಸೇರಿದಾಗ ಅಕ್ಕ ಗಲ್ಲಾದಿಂದ ಬಗ್ಗಿ ಅವನ ಕಾಲು ನೋಡಿದಳು.

"ಅಯ್ಯೋ, ಹೋಗುವಾಗ ಒಂದಾದ್ರೂ ಇತ್ತಲ್ಲೋ!"

"ಹೂಂ ಅಕ್ಕ," ಎಂದ ಅವನು. "ಇನ್ನೊಂದೂ ಸಿಕ್ಕಿಬಿಡ್ತು."