ಅಜ್ಜಿಯ ಇಂಗು, ಹೇಮಾಳ ಸಿಟ್ಟು

ಹೇಮಾ ಕಂಪಾಸ್ ಬಾಕ್ಸ್ ಎತ್ತಿ ಕಾಶಿನಾಥನ ತಲೆಗೆ ಕುಟ್ಟಿಯೇ ಬಿಟ್ಟಳು. ಏಟು ಜೋರಾಗೇನೂ ಬೀಳಲಿಲ್ಲ. ಸದ್ದು ಮಾತ್ರ ಇಡೀ ಐದನೇ ಕ್ಲಾಸಿಗೆ ಕೇಳಿಸಿತು.

"ಟೀಚರ್, ಹೇಮಾ ಹೊಡದ್ಲ್ರಿ," ಎಂದು ಕಾಶಿನಾಥ ತಲೆ ಉಜ್ಜಿಕೊಂಡ.

"ಅಂವ ಏನಂದಾ ಅಂತ ಮೊದಲ ಕೇಳ್ರಿ ಟೀಚರ್," ಅಂದಳು ಹೇಮಾ.

ಕಾಶಿನಾಥ ಅಂದದ್ದು ಇಷ್ಟೇ: "ಇಂಗು ತಿಂದ ಮಂಗ ಬಂತು, ಸರೀರಿ, ಸರೀರಿ." ಅಷ್ಟಕ್ಕೇ ಬೆಂಚಿನಲ್ಲಿದ್ದವರೆಲ್ಲ ಮೂಗು ಹಿಡಿದುಕೊಂಡು ಆಚೆ ಸರಿದಿದ್ದರು. ಅವರಲ್ಲಿ ತಾಜಬೀಯೂ ಇದ್ದಳು. ಒಂದನೇ ಕ್ಲಾಸಿನಿಂದ ಹೇಮಾಳ ಪಕ್ಕ ಬಿಟ್ಟು ಕೂತವಳಲ್ಲ ಅವಳು. ಹೇಮಾಳಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ಟೀಚರ್ ಇಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸಿದರು. ಅಲ್ಲಿಯೂ ಕಾಶಿನಾಥ ನಾಲ್ಕು ಹೆಜ್ಜೆ ದೂರವೇ ನಿಂತ.

ಇದಕ್ಕೆಲ್ಲ ಕಾರಣ ಅಳವಂಡಿಯ ಅಜ್ಜಿ ಯಮನೂರಮ್ಮ. ಹೇಮಾಳಿಗೆ ತಮ್ಮ ಹುಟ್ಟಿ ಹದಿನಾಲ್ಕು ದಿನವಾಗಿತ್ತು. ಬಾಣಂತನಕ್ಕೆ ಮಗಳು ತವರಿಗೆ ಹೋಗುವುದು ಪದ್ಧತಿ. ಆದರೆ ಹೇಮಾಳ ಶಾಲೆ ತಪ್ಪುತ್ತದೆ, ಗಿಣಿಗೇರಾದ ಫ್ಯಾಕ್ಟರಿಗೆ ಹೋಗುವ ಅಪ್ಪನಿಗೆ ಬುತ್ತಿ ಕಟ್ಟುವವರಿಲ್ಲ. ಹಾಗಾಗಿ ಈ ಸಲ ತವರೇ ಭಾಗ್ಯನಗರಕ್ಕೆ ಬಂದಿತ್ತು, ಜೊತೆಗೆ ಇಂಗಿನ ಡಬ್ಬಿಯನ್ನೂ ತಂದಿತ್ತು.

ಅಜ್ಜಿಗೆ ಇಂಗಿಲ್ಲದೆ ಬೆಳಗಾಗುವುದಿಲ್ಲ. ತುಪ್ಪದಲ್ಲಿ ಇಂಗು ಹುರಿದು, ಬೆಲ್ಲದ ಜೊತೆ ಕುಟ್ಟಿ, ಗುಳಿಗೆಯಷ್ಟು ಮಾಡಿ ಅವ್ವನಿಗೆ ತಿನ್ನಿಸುತ್ತಾಳೆ. ಸಾರಿಗೆ ಇಂಗು, ಮಜ್ಜಿಗೆಗೆ ಇಂಗು. ಹೇಮಾಳ ಹುಳುಕು ಹಲ್ಲಿಗೂ ಇಂಗು ತುಂಬಿದ್ದಳು. ಹಲ್ಲುನೋವೇನೋ ಹೋಯಿತು, ಜೊತೆಗೆ ಗೆಳತಿಯೂ ಹೋದಳು. ಇರುವುದು ಎರಡೇ ಕೋಣೆ. ಯೂನಿಫಾರ್ಮ್ ಒಣಗುವುದು ಒಲೆಯ ಮೇಲಿನ ಹಗ್ಗದಲ್ಲಿ.

"ಅಜ್ಜಿ, ನನ್ನ ಅಂಗಿ ನಾರತೈತಿ," ಎಂದು ಹೇಮಾ ಎರಡು ಸಲ ಹೇಳಿದ್ದಳು. ಎರಡು ಸಲವೂ ಅಜ್ಜಿ ನಕ್ಕುಬಿಟ್ಟಿದ್ದಳು. "ಅದು ನಾತ ಅಲ್ಲ ಹುಚ್ಚಿ, ಔಷಧ."

ಶಾಲೆ ಬಿಟ್ಟು ಬಂದಾಗ ಓಣಿಯ ತುದಿಯಲ್ಲಿ ಸ್ಕೂಟಿ ನಿಂತಿತ್ತು. ಆಶಾ ಕಾರ್ಯಕರ್ತೆ ನೇತ್ರಾವತಿ ಅಕ್ಕ ಕೂಸಿನ ತೂಕ ನೋಡಲು ಬಂದಿದ್ದಳು. ಹೋದ ವಾರ ಬಂದಾಗ ಅವಳು ಅಜ್ಜಿಗೆ ಒಂದು ಮಾತು ಹೇಳಿ ಹೋಗಿದ್ದಳು: ಕೂಸಿನ ಹೊಕ್ಕಳಕ್ಕೆ ಇಂಗು ಗಿಂಗು ಏನೂ ಹಚ್ಚಬಾರದು. ಅಜ್ಜಿ ಹೇಮಾಳನ್ನು ತೋರಿಸಿ ಅರ್ಧ ತಾಸು ವಾದ ಮಾಡಿದ್ದಳು. "ಇಕಿಗೂ ಹಚ್ಚೀನಿ, ಇಕಿ ಅವ್ವಗೂ ಹಚ್ಚೀನಿ, ಏನಾಗೇತಿ?" ಕಡೆಗೆ ಮಾತ್ರ, "ಆತು ತಾಯಿ, ನೀ ಓದಿದಾಕಿ. ಹಚ್ಚಂಗಿಲ್ಲ ಬಿಡು," ಎಂದಿದ್ದಳು.

ಆಮೇಲೆ ಹಚ್ಚಿರಲೂ ಇಲ್ಲ. ದಿನವೂ ಕೂಸಿನ ಪಕ್ಕದಲ್ಲೇ ಮಲಗುವ ಹೇಮಾಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ನೇತ್ರಾವತಿ ಅಕ್ಕ ಕಟ್ಟೆಯ ಮೇಲೆ ಕೂತು ಕೂಸನ್ನು ಮೂಸಿ ನೋಡಿದಳು. "ಇಂಗಿನ ವಾಸನಿ ಭಾಳ ಐತಲ್ಲ. ಹೊಕ್ಕಳ ಇನ್ನೂ ಪೂರ್ತಿ ಒಣಗಿಲ್ಲ. ಏನಾರ ಹಚ್ಚೀರೇನ್ರಿ ಅಮ್ಮಾ?"

ಅಜ್ಜಿ ಬಾಯಿ ತೆರೆಯುವ ಮೊದಲೇ ಹೇಮಾ ಅಂದಳು, "ಹಚ್ಚ್ಯಾಳ್ರಿ. ದಿನಾ ಹೊಕ್ಕಳಕ್ಕ ಹಚ್ಚತಾಳ. ನೀವು ಬರೂ ದಿನ ತೊಳದಬಿಡತಾಳ."

ಮಾತು ಬಾಯಿಂದ ಬಿದ್ದಾಗ ಹೇಮಾಳಿಗೆ ಖುಷಿಯೇ ಆಯಿತು. ಆಗಬೇಕು ಈ ಮುದುಕಿಗೆ, ಅನ್ನಿಸಿತು.

ನೇತ್ರಾವತಿ ಅಕ್ಕನ ಮುಖ ಕೆಂಪಾಯಿತು. "ಮಾತು ಕೊಟ್ಟಿದ್ರಲ್ಲ ಅಮ್ಮಾ. ಹೊಕ್ಕಳ ನಂಜಾದ್ರ ಕೂಸು ಉಳೀತೈತೇನ್ರಿ? ಇಷ್ಟು ವಯಸ್ಸಾಗೇತಿ, ಸುಳ್ಳು ಹೇಳಾಕ ನಾಚಿಕಿ ಬರಂಗಿಲ್ಲೇನು?"

ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಪಕ್ಕದ ಮನೆಯ ಗೌಸಬೀ ಕೊಡ ತುಂಬಿ ಹರಿಯುತ್ತಿದ್ದರೂ ನಳ ಬಂದ್ ಮಾಡಲಿಲ್ಲ.

ಒಳಗಿನಿಂದ ಅವ್ವನ ದನಿ ಬಂತು. "ಯವ್ವಾ, ನಾ ಮಲಗಿದ್ದಾಗ ಹಚ್ಚಿದ್ಯೇನು?"

ಅಳವಂಡಿ ಬಸ್ಸಿನಲ್ಲಿ ಒಂದು ಸೀಟಿಗಾಗಿ ಕೊಪ್ಪಳದ ತನಕ ಜಗಳವಾಡಿದ್ದ ಅಜ್ಜಿ ಈಗ ತುಟಿ ಬಿಚ್ಚಲಿಲ್ಲ. ಹೇಮಾಳನ್ನು ಒಂದು ಸಲ ನೋಡಿ ಎದ್ದು ಒಳಗೆ ಹೋದಳು. ಹೇಮಾಳ ಖುಷಿ ಅಲ್ಲಿಗೇ ಮುಗಿಯಿತು.

ಹೇಮಾ ಒಳಗೆ ಬಂದಾಗ ಅಜ್ಜಿ ಸೀರೆಗಳನ್ನು ಚೀಲಕ್ಕೆ ತುರುಕುತ್ತಿದ್ದಳು.

"ಎಲ್ಲಿಗೆ?"

"ಊರಿಗೆ. ನಾಳಿ ಮೊದಲನೇ ಬಸ್ಸಿಗೆ."

ಅವ್ವ ಇನ್ನೂ ಸರಿಯಾಗಿ ಎದ್ದು ನಿಲ್ಲಲಾರಳು. ಅಜ್ಜಿ ಹೋದರೆ ಕೂಸಿಗೆ ನೀರೆರೆಯುವವರು ಯಾರು? ಹೇಮಾಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟೇ ಬಂತು.

"ನಾ ಸುಳ್ಳು ಹೇಳೀನಿ ಅಂತ ಯಾಕ ಹೇಳ್ಲಿಲ್ಲ ನೀನು?"

"ಹೇಳಿದ್ರ ಯಾರು ನಂಬತಿದ್ರು?" ಅಜ್ಜಿ ಚೀಲ ಬಿಟ್ಟು ತಿರುಗಿದಳು. "ನನ್ನ ಹೊಟ್ಟ್ಯಾಗ ಹುಟ್ಟಿದಾಕಿನ 'ಹಚ್ಚಿದ್ಯೇನು' ಅಂತ ಕೇಳಿದ್ಲು. ನೀ ಸಾಲಿ ಕಲಿಯೂ ಹುಡುಗಿ. ನಿನ್ನ ಮಾತು ಎಲ್ಲಾರೂ ನಂಬತಾರ. ನಾನೂ ನಂಬತಿದ್ನಿ."

"ನಿನ್ನ ಇಂಗಿನ ಸಲುವಾಗಿ ನನ್ನ ಹಂತ್ಯಾಕ ಯಾರೂ ಕುಂದ್ರವಲ್ರು. ತಾಜಬೀನೂ ಕುಂದ್ರವಲ್ಲಳು. ಎರಡು ಸಲ ಹೇಳೀನಿ. ನೀ ನಕ್ಕಿ."

ಅಜ್ಜಿ ಚೀಲದ ಪಕ್ಕ ಕೂತಳು.

"ಹೌದು, ನಕ್ಕೀನಿ. ನಗಬಾರದಿತ್ತು. ಅದಕ್ಕ ನನ್ನ ಬೈಬೇಕಿತ್ತು. ಡಬ್ಬಿ ಒಯ್ದು ಗಟಾರಕ್ಕ ಒಗೀಬೇಕಿತ್ತು. ಸಂತ್ಯಾಗ ಇನ್ನೊಂದು ತರತಿದ್ನಿ. ಮಾನ ಯಾವ ಸಂತ್ಯಾಗ ಸಿಗತೈತಿ? ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ."

ಹೇಮಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಓಡಿದಳು.

ನೇತ್ರಾವತಿ ಅಕ್ಕ ಓಣಿಯ ತುದಿಯಲ್ಲಿ ಸ್ಕೂಟಿ ಸ್ಟಾರ್ಟ್ ಮಾಡುತ್ತಿದ್ದಳು. ಹೇಮಾ ಸ್ಕೂಟಿಯ ಮುಂದೆ ಹೋಗಿ ನಿಂತಳು.

"ಅಕ್ಕಾರ, ನಾ ಸುಳ್ಳು ಹೇಳೀನ್ರಿ. ಅಜ್ಜಿ ಏನೂ ಹಚ್ಚಿಲ್ಲ. ಒಂದ ಸಲನೂ ಹಚ್ಚಿಲ್ಲ."

ನೇತ್ರಾವತಿ ಅಕ್ಕ ಗಾಡಿ ಬಂದ್ ಮಾಡಿದಳು. "ಏನಂದಿ? ನಿನ್ನ ಮಾತು ಕೇಳಿ ನಾ ಆ ಹಿರೇ ಮನಷ್ಯಾಳನ್ನ ನಾಕು ಮಂದಿ ಮುಂದ ಬೈದೀನಿ. ಈಗ ಬಂದು ನನ್ನ ಕಿವ್ಯಾಗ ಸುಳ್ಳು ಅಂದ್ರ ಆತೇನು?"

ಹೇಮಾ ನಳದ ಕಡೆ ಕೈ ತೋರಿಸಿದಳು. "ಆ ನಾಕು ಮಂದಿ ಇನ್ನೂ ನಳದ ಹತ್ರ ಅದಾರ್ರಿ. ಅವರ ಮುಂದನ ಹೇಳತೀನಿ. ನೀವೂ ಬರ್ರಿ."

ನಳ ಇಷ್ಟು ದೂರವಿದೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಹೆಂಗಸರು ಅಜ್ಜಿಯ ಸುದ್ದಿಯನ್ನೇ ಆಡುತ್ತಿದ್ದರು. ಹೇಮಾ ಗಟ್ಟಿಯಾಗಿ ಹೇಳಿದಳು, "ನಮ್ಮ ಅಜ್ಜಿ ಕೂಸಿಗೆ ಇಂಗು ಹಚ್ಚಿಲ್ಲ. ನನಗ ಆಕಿ ಮ್ಯಾಲೆ ಸಿಟ್ಟಿತ್ತು. ಅದಕ್ಕ ಸುಳ್ಳು ಹೇಳೀನಿ."

ಗೌಸಬೀ ಅವಳನ್ನು ಮೇಲಿಂದ ಕೆಳಗೆ ನೋಡಿ, "ಛಲೋ ಮೊಮ್ಮಗಳು ಸಿಕ್ಕೀದಿ ಬಿಡವ್ವ," ಎಂದಳು. ಹೇಮಾಳ ಕಿವಿ ಬಿಸಿಯಾಯಿತು. ಆದರೂ ಅವಳು ತಲೆ ತಗ್ಗಿಸಿ ಅಲ್ಲೇ ನಿಂತಳು.

ನೇತ್ರಾವತಿ ಅಕ್ಕ ಬಾಗಿಲಿಗೆ ಹೋಗಿ ಕೈ ಮುಗಿದಳು. "ತಪ್ಪಾತ್ರಿ ಅಮ್ಮಾ. ನಿಮ್ಮನ್ನ ಕೇಳದ ಬೈದೀನಿ."

"ಇರಲಿ ಬಿಡು ತಾಯಿ. ಕೂಸಿನ ಸಲುವಾಗಿ ಬೈದಿ," ಎಂದಳು ಅಜ್ಜಿ. ಒಳಗೆ ಅವ್ವ ಅಳುತ್ತ "ಯವ್ವಾ" ಅಂದಾಗ ಮಾತ್ರ ಅಜ್ಜಿ ಓಗೊಡಲಿಲ್ಲ. ಹೇಮಾಳ ಕಡೆಗಂತೂ ತಿರುಗಿಯೂ ನೋಡಲಿಲ್ಲ. ಚೀಲ ಗೋಡೆಗೆ ಒರಗಿಕೊಂಡು ಹಾಗೆಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಅವ್ವನ ಸಾರಿಗೆ ಇಟ್ಟಳು. ಮುಚ್ಚಳ ಧಡ್ ಅಂತು, ಸೌಟು ಠಣ್ ಅಂತು. ಹೇಮಾ ಬಾಗಿಲಲ್ಲಿ ನಿಂತಳು.

"ಅಜ್ಜಿ, ಸಿಟ್ಟು ಇನ್ನೂ ಹೋಗಿಲ್ಲೇನು?"

"ಇಲ್ಲ."

"ಯಾವಾಗ ಹೋಗತೈತಿ?"

"ನನಗೇನು ಗೊತ್ತು? ಸುಮ್ನ ನಿಂದ್ರು, ಒಗ್ಗರಣಿ ಸೀದು ಹೋಗತೈತಿ."

ತುಪ್ಪ ಕಾದಿತ್ತು. ಅಜ್ಜಿ ಇಂಗಿನ ಡಬ್ಬಿ ತೆರೆದಳು. ಆಗ ಮಾತ್ರ ಅವಳ ಕೈಯ ಗದ್ದಲವೆಲ್ಲ ನಿಂತಿತು. ಉಗುರಿನಿಂದ ಒಂದು ಚೂರು ಮುರಿದಳು. ದೀಪಕ್ಕೆ ಹಿಡಿದು ನೋಡಿದಳು. ಹೆಚ್ಚಾಯಿತೆಂದು ಅರ್ಧ ಮುರಿದು ಡಬ್ಬಿಗೇ ಹಾಕಿದಳು. ಒಂದಿಷ್ಟು ಹೆಚ್ಚಾದರೂ ಸಾರು ಕಹಿಯಾಗುತ್ತದೆ, ಬಾಣಂತಿ ಉಣ್ಣುವುದಿಲ್ಲ. ಉಳಿದ ಚೂರು ತುಪ್ಪದಲ್ಲಿ ಉಬ್ಬಿತು.

ಹೇಮಾ ಆ ಕೈಯನ್ನೇ ನೋಡುತ್ತಿದ್ದಳು. ಅಜ್ಜಿಗೆ ಅವ್ವನ ಮೇಲೂ ಸಿಟ್ಟಿತ್ತು. ಆದರೂ ಅವ್ವನ ಸಾರಿಗೆ ಹಾಕುವ ಇಂಗಿನ ಅಳತೆ ಒಂದಿಷ್ಟೂ ತಪ್ಪಿರಲಿಲ್ಲ. ಹೇಮಾ ಮತ್ತೆ "ಯಾವಾಗ" ಎಂದು ಕೇಳಲಿಲ್ಲ. ಅವ್ವನ ಬಟ್ಟಲು ತೊಳೆದು ತಂದು ಒಲೆಯ ಹತ್ತಿರ ಕೂತಳು.

ಅಜ್ಜಿ ಬಟ್ಟಲಿಗೆ ಸಾರು ಹಾಕಿದಳು.

"ಕೈ ಸುಡತೈತಿ, ಅರಿವಿ ಹಿಡಿ," ಎಂದಳು, ಹೇಮಾಳ ಮುಖ ನೋಡದೆ.

ಹೇಮಾ ಅರಿವೆ ಸುತ್ತಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಅವ್ವನ ಕಡೆಗೆ ನಡೆದಳು.