ಬಟಾಣಿ ಮೆಟ್ಟಿಲು

ಕಾಲಡಿಯ ಕಲ್ಲು ಸರ್ರನೆ ಜಾರಿತು.

ಎಡಕ್ಕೆ ಬಂಡೆ. ಬಲಕ್ಕೆ ಬರೀ ಗಾಳಿ, ಅದರ ಕೆಳಗೆ ಎಲ್ಲೋ ಆಳದಲ್ಲಿ ನೊರೆ ಕಾರುತ್ತಿದ್ದ ಸಮುದ್ರ. ಅವಳ ಬಾಯಿಂದ ಕೂಗೂ ಹೊರಡಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ಬೆನ್ನಚೀಲವನ್ನು ಗಬಕ್ಕನೆ ಹಿಡಿದು ಬಂಡೆಯ ಕಡೆಗೆ ಎಳೆದರು.

"ಕೆಳಗೆ ನೋಡ್ಬೇಡ. ಬಂಡೆ ಹಿಡ್ಕೊ. ಉಸಿರು ಬಿಡು."

ಆ ದನಿ...

ಬಿದ್ದಿದ್ದರೂ ಅವಳ ಎದೆ ಇಷ್ಟು ಧಸಕ್ಕೆನ್ನುತ್ತಿರಲಿಲ್ಲವೇನೋ. ಮೆಲ್ಲಗೆ ಕತ್ತು ತಿರುಗಿಸಿದಳು. ಬಿಸಿಲಿಗೆ ಕಪ್ಪಿಟ್ಟ ಮುಖ, ಬೋಳಿಸದ ಗಡ್ಡ, ಹುಬ್ಬಿನವರೆಗೆ ಎಳೆದುಕೊಂಡ ಟೋಪಿ. ಅವನೇ. ಅವಳ ಗಂಡ.

ಗಂಡ ಎನ್ನುವುದೂ ಇವತ್ತೊಂದು ದಿನದ ಮಾತು. ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಒಂದು ವರ್ಷದಿಂದ ಬೇರೆ ಬೇರೆ ಮನೆಯಲ್ಲಿದ್ದವರು ಕಾಗದದ ಮೇಲೂ ಬೇರೆಯಾಗುತ್ತಾರೆ. ಅದನ್ನು ನೆನೆದು ಅಳುತ್ತಾ ಕೂರಬಾರದೆಂದೇ ಅವಳ ಅಕ್ಕ ಈ ಕಡಲಬೆಟ್ಟದ ಚಾರಣಕ್ಕೆ ದರದರ ಎಳೆದುಕೊಂಡು ಬಂದಿದ್ದು. ನೋಡಿ ವಿಧಿಯ ತಮಾಷೆ!

"ನೀವು... ನೀವಿಲ್ಲಿ ಏನ್ ಮಾಡ್ತಿದೀರಿ?" ಮದುವೆಯಾದಾಗಿನಿಂದ ನೀನು ಎಂದವಳ ಬಾಯಲ್ಲಿ ವಕೀಲರ ಕಚೇರಿ ಮೆಟ್ಟಿಲು ಹತ್ತಿದ ಮೇಲೆ ನೀವು ಬಂದು ಕೂತಿತ್ತು.

"ಗುಂಪಲ್ಲಿ ಎಲ್ರಿಗಿಂತ ಹಿಂದೆ ನಡೆಯೋದು ನನ್ನ ಕೆಲಸ. ಯಾರೂ ಹಿಂದೆ ಉಳ್ಕೋಬಾರ್ದು ಅಂತ."

"ನಾನು ಬಂದಿದೀನಿ ಅಂತ ಗೊತ್ತಿತ್ತಾ?"

"ಬಸ್ ಇಳಿಯುವಾಗ ನೋಡ್ದೆ. ವಾಪಸ್ ಹೋಗ್ಬಿಡೋಣ ಅನ್ಸ್ತು. ಹಿಂದೆ ನಡೆಯೋಕೆ ಬೇರೆ ಯಾರೂ ಇರ್ಲಿಲ್ಲ."

'ನಿನಗೋಸ್ಕರ ಉಳಿದೆ' ಎನ್ನಲು ಇವನಿಗೇನು ರೋಗ? ಹೀಗೇ, ಬಾಯಲ್ಲಿ ಕಡುಬು ತುಂಬಿಕೊಂಡವನಂತೆ ಇದ್ದೂ ಇದ್ದೂ ಸಂಸಾರ ಕಳೆದುಕೊಂಡ ಮನುಷ್ಯ.

ಮುಂದೆ ನಡೆಯುತ್ತಿದ್ದ ಅಕ್ಕ ತಿರುಗಿ ನೋಡಿದಳು. ಅವಳ ಕಣ್ಣು ಕೆಂಡವಾಯಿತು.

"ಇವನ್ಯಾಕೆ ಇಲ್ಲಿ? ಬಾ ನೀನು ಈ ಕಡೆ. ಅವನ ಕೈ ಹಿಡ್ಕೋಬೇಡ, ಬಂಡೆ ಹಿಡ್ಕೊ."

ಅವಳು ಬಂಡೆಯನ್ನೇ ಹಿಡಿದು ಮುಂದೆ ಸರಿದಳು.

ಅವಳದು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವ ಕೆಲಸ. ಅವನು ಮನೆಗಳಿಗೆ ಟೈಲ್ಸ್ ಹಾಕುವವನು. ಚೆನ್ನಾಗಿಯೇ ಇದ್ದರು. ಮದುವೆಯಾಗಿ ಎಷ್ಟೋ ಕಾಲದ ಮೇಲೆ ಬಸಿರಾಯಿತು, ಐದನೇ ತಿಂಗಳಲ್ಲಿ ಹೋಯಿತು. ಅವಳು ಹಾಸಿಗೆ ಹಿಡಿದು ಅತ್ತಳು. ಅವನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಅಷ್ಟೇ ಅಲ್ಲ, ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು ಹೋಗತೊಡಗಿದ. ಸಂಜೆ ಮೈಯೆಲ್ಲ ಧೂಳಾಗಿ ಬಂದು ಬಿದ್ದುಕೊಳ್ಳುತ್ತಿದ್ದ. ಎಲ್ಲಿಗೆ ಅಂದರೆ, "ಸುಮ್ನೆ, ಬೆಟ್ಟದ ಕಡೆ."

ಕೊನೆಗೆ ಅಕ್ಕ ಕಣ್ಣಾರೆ ಕಂಡಳು. ಬಸ್ಸಿನಲ್ಲಿ ಕೆಂಪು ಟೋಪಿಯ ಒಬ್ಬ ಹೆಂಗಸಿನ ಪಕ್ಕ ಕೂತು ಹೋಗುತ್ತಿದ್ದನಂತೆ. ಆ ಹೆಂಗಸು ನಗುತ್ತಾ ಅವನ ಭುಜ ತಟ್ಟುತ್ತಿದ್ದಳಂತೆ. 'ನನ್ನ ಹೊಟ್ಟೆ ಬರಿದಾಗಿದೆ, ಇವನಿಗೆ ಬಸ್ಸಿನಲ್ಲಿ ನಗು...' ಅವತ್ತೇ ಅವಳು ಬಟ್ಟೆ ತುಂಬಿಕೊಂಡು ಅಕ್ಕನ ಮನೆ ಸೇರಿದ್ದಳು. ಅವನು ತಡೆಯಲೂ ಇಲ್ಲ.

ಮೇಲೆ ಏರು ಮುಗಿದು ಗಾಳಿ ರಪರಪ ಬಡಿಯುವ ದಿಬ್ಬದಲ್ಲಿ ಸೀಟಿ ಕೇಳಿಸಿತು. ಗುಂಪನ್ನು ಕರೆದೊಯ್ಯುತ್ತಿದ್ದವರು ನಿವೃತ್ತ ಡ್ರಿಲ್ ಟೀಚರ್. ಎಲ್ಲರೂ ಕರೆಯುವುದು ಸೀಟಿ ಮೇಡಂ ಎಂದು. ಮೊಮ್ಮಕ್ಕಳನ್ನು ಕಂಡವರು. ಹತ್ತುವುದರಲ್ಲಿ ಮಾತ್ರ ಹುಡುಗರನ್ನೂ ಮೀರಿಸುವವರು.

"ಕೂತ್ಕೊಳ್ಳಿ, ಏನಾದ್ರೂ ತಿನ್ನಿ. ಇಲ್ಲಿಂದ ಮುಂದೆ ಗಾಳಿ ಕಿವಿ ಕಿತ್ಕೊಂಡು ಹೋಗುತ್ತೆ," ಎನ್ನುತ್ತಾ ಮೇಡಂ ಚೀಲದಿಂದ ಉಣ್ಣೆಯ ಟೋಪಿ ತೆಗೆದು ತಲೆಗೆ ಹಾಕಿಕೊಂಡರು.

ಕೆಂಪು ಟೋಪಿ.

ಅಕ್ಕನ ಬಾಯಲ್ಲಿದ್ದ ಕಿತ್ತಳೆ ತೊಳೆ ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಏನಾಯ್ತಕ್ಕಾ?"

"ಆ ಟೋಪಿ... ಅವತ್ತು ಬಸ್ಸಲ್ಲಿ..." ಅಕ್ಕನ ದನಿ ಪಾತಾಳಕ್ಕಿಳಿದಿತ್ತು. "ನಾನು ಹಿಂದಿನ ಸೀಟಲ್ಲಿದ್ದೆ ಕಣೆ. ಮುಖ ನೋಡಿರ್ಲಿಲ್ಲ."

"ಮುಖ ನೋಡಿರ್ಲಿಲ್ವಾ?"

"ಟೋಪಿ ನೋಡಿದ್ನಲ್ಲ."

ಅವಳಿಗೆ ಅಕ್ಕನನ್ನು ಅಲ್ಲೇ ತಳ್ಳಿಬಿಡುವಷ್ಟು ಸಿಟ್ಟು ಬಂತು. ನಗುವೂ ಬಂತು, ಅಳುವೂ ಬಂತು. 'ಹಾಗಾದ್ರೆ ಇವನು ಪ್ರತಿ ಭಾನುವಾರ ಇಲ್ಲಿಗೆ ಬರ್ತಿದ್ದದ್ದು ಯಾಕೆ? ಅಜ್ಜಿಯ ಜೊತೆ ಬೆಟ್ಟ ಹತ್ತೋಕಾ? ಅದನ್ನ ಹೇಳೋಕೆ ಏನಾಗಿತ್ತು?' ದೂರದಲ್ಲಿ ಒಬ್ಬನೇ ಕೂತು ಬ್ರೆಡ್ಡು ತಿನ್ನುತ್ತಿದ್ದವನ ಕಡೆ ನೋಡಿದಳು. ಅವನು ಸಮುದ್ರ ನೋಡುತ್ತಿದ್ದ.

ಮತ್ತೆ ದಾರಿ ಕಡಿದಾಯಿತು. ಮೇಡಂ ನಡೆಯುತ್ತಲೇ ಕಥೆ ಹೇಳತೊಡಗಿದರು.

"ಇಲ್ಲಿ ಒಂದು ಪದ್ಧತಿ ಇದೆ. ಕುಸಿದ ದಾರೀನ ಯಾರು ಸರಿ ಮಾಡ್ತಾರೋ ಅವ್ರೇ ಅದಕ್ಕೆ ಹೆಸರಿಡ್ಬಹುದು. ಆಗ ದಾಟಿದ್ವಲ್ಲ, ಆ ಚೂಪು ಬಂಡೆ? ಅದು 'ಅತ್ತೆ ಮೂಗು'. ಒಬ್ಬ ಕಂಡಕ್ಟರ್ ಇಟ್ಟಿದ್ದು. ಅವನ ಅತ್ತೆ ಇನ್ನೂ ಇಲ್ಲಿಗೆ ಬಂದಿಲ್ಲ, ಪುಣ್ಯ."

ಎಲ್ಲರೂ ನಕ್ಕರು. ತಿರುವು ದಾಟಿದರೆ, ಎದುರಿಗೆ ಬೆಟ್ಟದ ಎದೆಯ ಮೇಲೆ ಕಲ್ಲಿನ ಮೆಟ್ಟಿಲುಗಳು. ಒಂದಕ್ಕೊಂದು ಬಿಗಿಯಾಗಿ ಕೂತಿದ್ದವು. ಎಡವಿದವರಿಗೆ ನೋವಾಗದಿರಲೆಂದು ಅಂಚನ್ನು ನಯವಾಗಿ ಉಜ್ಜಲಾಗಿತ್ತು.

"ಇಲ್ಲಿ ಮಳೆಗೆ ಮಣ್ಣೆಲ್ಲ ಕೊಚ್ಕೊಂಡು ಹೋಗಿತ್ತು. ಹಿಂದೆ ಬರ್ತಿದಾನಲ್ಲ ನಮ್ಮ ಮೌನಿಬಾಬಾ, ಅವನೊಬ್ನೇ ಕಲ್ಲು ಹೊತ್ತು ಕಟ್ಟಿದ್ದು. ಒಂದ್ ಭಾನುವಾರಾನೂ ತಪ್ಪಿಸ್ಲಿಲ್ಲ. ಹೆಸರೇನಿಡ್ತೀಯಪ್ಪಾ ಅಂದ್ರೆ, 'ಬಟಾಣಿ ಮೆಟ್ಟಿಲು' ಅಂದ. ಯಾಕೆ ಬಟಾಣಿ ಅಂದ್ರೆ ಬಾಯಿ ಬಿಡಲ್ಲ. ಬಟಾಣಿ ತಿಂದ್ಕೊಂಡು ಕಟ್ಟಿದ್ನೋ ಏನೋ."

ಮತ್ತೆ ನಗು.

ಅವಳಿಗೆ ಮಾತ್ರ ಕಿವಿ ಗುಂಯ್ ಎಂದಿತು. ಸಮುದ್ರದ ಸದ್ದು, ಗಾಳಿಯ ಸದ್ದು ಎಲ್ಲ ನಿಂತೇ ಹೋದಂತಾಯಿತು.

ಬಟಾಣಿ!

ಮೊದಲ ಸ್ಕ್ಯಾನಿನಲ್ಲಿ ಡಾಕ್ಟರು, "ಈಗ ಬಟಾಣಿ ಕಾಳಿನಷ್ಟಿದೆ," ಎಂದಿದ್ದರು. ಅವತ್ತಿನಿಂದ ಅವನು ಕೆಲಸದಿಂದ ಬಂದವನೇ ಅವಳ ಹೊಟ್ಟೆಗೆ ಬಾಯಿಟ್ಟು ಮಾತಾಡುತ್ತಿದ್ದ. "ಬಟಾಣಿ, ಅಮ್ಮ ಇವತ್ತು ಊಟ ಮಾಡಿದ್ಲಾ?" ಮಗು ಬೆಳೆದರೂ ಹೆಸರು ಅದೇ ಉಳಿಯಿತು. ಅದು ಇಬ್ಬರ ನಡುವಿನ ಗುಟ್ಟು. ಅಕ್ಕನಿಗೂ ಗೊತ್ತಿರಲಿಲ್ಲ.

ಅವಳು ಕುಸಿದು ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಕ್ಕ ಗಾಬರಿಯಿಂದ ಓಡಿಬಂದಳು. "ನೀನು ಹೋಗಕ್ಕಾ," ಎಂದಷ್ಟೇ ಅವಳು ಹೇಳಿದಳು. ಆ ಮುಖ ನೋಡಿ ಅಕ್ಕ ಮೊದಲ ಬಾರಿಗೆ ಎದುರಾಡದೆ ಹೋದಳು.

ಕೊನೆಯವನು ಯಾರನ್ನೂ ದಾಟಿ ಹೋಗುವಂತಿಲ್ಲ. ಅವನು ಬಂದು ಅವಳೆದುರು ನಿಂತ.

"ಕಾಲು ಉಳುಕಿತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕೈಯಿಂದ ಕಲ್ಲನ್ನು ಮುಟ್ಟಿ ತೋರಿಸಿದಳು. ಅವನಿಗೆ ಅರ್ಥವಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೀನೇ ಹೇಳಿದ್ಯಲ್ಲ," ಎಂದ ನಿಧಾನವಾಗಿ. "ಆಸ್ಪತ್ರೆಯಿಂದ ಬಂದ ದಿನ. ಆ ಹೆಸರು ಈ ಮನೇಲಿ ಇನ್ನೊಂದ್ ಸಲ ಎತ್ತಿದ್ರೆ ನಾನಿರಲ್ಲ ಅಂತ."

ಹೌದು. ಹೇಳಿದ್ದಳು. ಗಂಟಲು ಹರಿಯುವಂತೆ ಕಿರುಚಿ ಹೇಳಿದ್ದಳು. ಆಮೇಲೆ ಅವನು ಎತ್ತಲಿಲ್ಲವೆಂದು, ಮರೆತೇಬಿಟ್ಟನೆಂದು ಒಳಗೊಳಗೇ ಅವನನ್ನು ಶಪಿಸಿದ್ದಳು!

"ಮನೇಲಿ ಹೇಳೋ ಹಾಗಿರ್ಲಿಲ್ಲ. ಎಲ್ಲಾದ್ರೂ ಹೇಳ್ಬೇಕಿತ್ತು ನಂಗೆ. ಇಲ್ಲಿ ಹೆಸರಿಡ್ಬಹುದು ಅಂದ್ರು. ನಮಗೆ ಹೆಸರಿಡೋ ಭಾಗ್ಯ ಇನ್ನೆಲ್ಲಿತ್ತು? ಈಗ ಹತ್ತೋ ಜನ ಎಲ್ಲ ಬಟಾಣಿ, ಬಟಾಣಿ ಅಂತಾರೆ. ಮಕ್ಕಳೂ ಅಂತಾವೆ. ಹಿಂದೆ ನಿಂತು ಕೇಳ್ತೀನಿ."

ಅವಳು ಮೆಟ್ಟಿಲ ನಯವಾದ ಅಂಚನ್ನು ಬೆರಳಿಂದ ಸವರಿದಳು.

"ನೀನು ಅಳ್ಲೇ ಇಲ್ವಲ್ಲೋ..."

"ಡಾಕ್ಟರು ಹೇಳಿದ್ರು, ಹೆಂಡ್ತಿ ಎದುರಿಗೆ ನೀವು ಧೈರ್ಯವಾಗಿರಿ ಅಂತ." ಅವನು ಕೈಯಲ್ಲಿದ್ದ ಟೋಪಿಯನ್ನು ಮಡಚಿದ. "ಎಷ್ಟು ದಿನ ಅಂತ ಹೇಳ್ಲಿಲ್ಲ."

"ನಾನು ಮನೆ ಬಿಟ್ಟು ಹೊರಟಾಗಾದ್ರೂ ತಡೀಬಹುದಿತ್ತಲ್ಲ?"

"ನನ್ನ ಮುಖ ನೋಡಿದ್ರೇ ನಿಂಗೆ ಅದೆಲ್ಲ ನೆನಪಾಗುತ್ತೆ ಅನ್ಕೊಂಡೆ. ದೂರ ಇದ್ರೆ ಚೆನ್ನಾಗಿರ್ತೀಯ ಅನ್ಸ್ತು."

"ಚೆನ್ನಾಗಿದೀನಾ? ಸರಿಯಾಗಿ ನೋಡು."

ಅವನು ನೋಡಿದ. ಅವಳು ಅವನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಸಿಮೆಂಟು ತಿಂದು ಒರಟಾದ ಆ ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, "ಬಟಾಣಿ..." ಎಂದಳು. ಅವತ್ತಿನ ನಂತರ ಅವಳ ಬಾಯಿಂದ ಆ ಹೆಸರು ಬಂದದ್ದು ಇದೇ ಮೊದಲು.

ಅಷ್ಟೇ. ಆ ಗಂಡಸು ಒಡೆದುಹೋದ. ಅವಳ ಮಡಿಲಿಗೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ. ಅವಳು ದಂಗಾಗಿ ನೋಡಿದಳು. ಇಷ್ಟೊಂದು ಅಳು ಇವನೊಳಗೆ ಎಲ್ಲಿತ್ತು? ಆಮೇಲೆ ಅವಳೂ ಬಾಗಿ, ಅವನ ಬೆನ್ನ ಮೇಲೆ ಕೆನ್ನೆಯಿಟ್ಟು, ಮನಸ್ಸು ಬಿಚ್ಚಿ ಅತ್ತಳು.

ಮೇಲಿನಿಂದ ಸೀಟಿ ಕೇಳಿಸಿತು.

"ಕರೀತಿದಾರೆ," ಎಂದು ಅವನು ಮುಖ ಒರೆಸಿಕೊಂಡ.

"ಕರೀಲಿ."

"ನಾಳೆ ಕೋರ್ಟು..."

"ನಾನು ಬರಲ್ಲ."

"ವಕೀಲರಿಗೆ ಏನ್ ಹೇಳ್ತೀಯ?"

"ಅಕ್ಕ ಹೇಳ್ತಾಳೆ. ಟೋಪಿ ನೋಡಿದ್ದು ಅವಳು ತಾನೇ."

ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಅಳುವಿನ ನಡುವೆ ಒಂದು ನಗು ಬಂತು. ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಮುಂದಿನ ಭಾನುವಾರ ನನ್ನನ್ನೂ ಕರ್ಕೊಂಡು ಬಾ."

"ಕಲ್ಲು ಹೊರೋದು ಕಷ್ಟ ಕಣೆ."

"ಹೊರೋಕಾಗ್ದಿದ್ರೆ ಪಕ್ಕ ಕೂತು ಅಳ್ತೀನಿ. ನೀನೊಬ್ನೇ ಎಷ್ಟಂತ ಅಳ್ತೀಯ?"

ಅವನು ಅವಳ ಕೈ ಹಿಡಿದುಕೊಂಡ. ಆಮೇಲೆ ಹೆದರಿ ಹೆದರಿ ಕೇಳಿದ.

"ಮನೇಲಿ... ಆ ಹೆಸರು ಹೇಳ್ಬಹುದಾ?"

"ದಿನಾ ಹೇಳು," ಎಂದಳು. "ನಂಗೂ ಕೇಳಿಸೋ ಹಾಗೆ ಹೇಳು."