ಅರ್ಧ ಕೇಳಿದ ದನಿ

“ಯಾರೂ ಮಾತಾಡ್ಬೇಡಿ!” ಎಂದರು ಉಬೈದ್.

ಅಂಗಡಿಯಲ್ಲಿ ಇದ್ದವರೇ ಮೂವರು. ಕೊಟ್ಟಿಗೆಹಾರದಲ್ಲಿ ಮಿಕ್ಸಿ, ಟಿವಿ, ಕಂಪ್ಯೂಟರ್ ಎಲ್ಲಾ ರಿಪೇರಿ ಮಾಡುವ ಉಬೈದ್, ಅವರ ಮಗಳು ಅಮ್ನಾ, ಅಮ್ನಾಳ ಕ್ಲಾಸಿನ ಭವ್ಯಾ. ಹುಡುಗಿಯರಿಬ್ಬರೂ ಬಾಯಿ ಮುಚ್ಚಿಕೊಂಡರು.

ಟೇಬಲ್ ಮೇಲೆ ಒಂದು ಹಳೇ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ಅದರ ಹಾರ್ಡ್ ಡಿಸ್ಕನ್ನು ಉಬೈದ್ ವೈರ್ ಸಮೇತ ಹೊರಗೆಳೆದು ಅಂಗೈಯಲ್ಲಿ ಹಿಡಿದಿದ್ದರು. ಸ್ವಿಚ್ ಹಾಕಿದರೆ ಅದು ‘ಗುಂಯ್’ ಎಂದು ನರಳುತ್ತಿತ್ತು, ತಿರುಗುತ್ತಿರಲಿಲ್ಲ.

“ಇದ್ರೊಳಗೆ ಒಂದು ತಟ್ಟೆ ಇರುತ್ತೆ. ಅದ್ರ ಮೇಲೆ ಓದೋಕೆ ಒಂದು ಪುಟ್ಟ ಕೈ. ಎಷ್ಟೋ ವರ್ಷ ಸುಮ್ನೆ ಕೂತು ಆ ಕೈ ತಟ್ಟೆಗೆ ಅಂಟ್ಕೊಂಡಿದೆ” ಎಂದು ಉಬೈದ್ ಹೇಳಿದರು. ಸ್ವಿಚ್ ಹಾಕಿ, ಬಾಟಲಿ ಮುಚ್ಚಳ ತಿರುಗಿಸುವ ಹಾಗೆ ಡಿಸ್ಕನ್ನು ಒಮ್ಮೆ ಚಕ್ಕನೆ ತಿರುವಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ತಿರುವಿದರು.

‘ಗಿರ್ರ್...’

“ತಿರುಗ್ತು! ಅಂಕಲ್, ತಿರುಗ್ತು!” ಭವ್ಯಾ ಕುಣಿದಳು.

ಅವಳು ಕುಣಿಯದೆ ಇನ್ಯಾರು ಕುಣಿಯಬೇಕು? ಅವಳ ಅಮ್ಮ ಸುಕನ್ಯಾ ಎಸ್ಟೇಟ್ ಆಫೀಸಿನಲ್ಲಿ ಇದೇ ಕಂಪ್ಯೂಟರ್ ಮುಂದೆ ಕೂತು ಟೈಪ್ ಮಾಡುತ್ತಿದ್ದಳು. ಒಂದು ದಿನ ಮಗಳಿಗೆಂದು ಮೈಕಿನಲ್ಲಿ ಏನೋ ಮಾತಾಡಿ ಅದರಲ್ಲೇ ಇಟ್ಟಿದ್ದಳಂತೆ. ಆಮೇಲೆ ಜ್ವರ ಬಂದು ತೀರಿಹೋದಳು. ಆಗ ಭವ್ಯಾಗೆ ಮಾತೇ ಬಂದಿರಲಿಲ್ಲ. ಅಮ್ಮನ ಫೋಟೋ ಮನೆಯಲ್ಲಿದೆ, ದನಿ ಮಾತ್ರ ಅವಳಿಗೆ ಗೊತ್ತಿಲ್ಲ. ಆಫೀಸಿನವರು ಈ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಅಜ್ಜಿ ಯಲ್ಲಮ್ಮ ಕೇಳಿ ಮನೆಗೆ ತಂದಿದ್ದರು.

ಪರದೆಯ ಮೇಲೆ ಒಂದು ಹೆಸರು ಕಾಣಿಸಿತು: ‘ಭವಿಗೆ’.

“ಈಗ್ಲೇ ಹಾಕಿ ಅಂಕಲ್!”

“ಬೇಡ ಮಾರಾಯ್ತಿ. ಮೊದ್ಲು ಕಾಪಿ, ಆಮೇಲೆ ಕೇಳೋದು. ಪೆನ್‌ಡ್ರೈವ್ ಹಾಕೋ ಜಾಗ ಎಲ್ಲಾ ತುಕ್ಕು ಹಿಡಿದಿದೆ, ನನ್ ಕೇಬಲ್ ಇಲಿ ಕಡಿದು ಹಾಕಿದೆ. ಮೂಡಿಗೆರೆಯಿಂದ ಬಸ್ಸಲ್ಲಿ ಬೇರೆ ಕೇಬಲ್ ಬರ್ತಿದೆ, ತಗೊಂಡು ಬರ್ತೀನಿ. ಅಮ್ನಾ, ನೀನಿಲ್ಲೇ ಇರು. ಏನೂ ಮುಟ್ಬೇಡ. ಆಫ್ ಅಂತೂ ಮಾಡ್ಲೇಬೇಡ. ಒಂದ್ಸಲ ನಿಂತ್ರೆ ಮತ್ತೆ ತಿರುಗುತ್ತೆ ಅಂತ ನಾನು ಹೇಳಲ್ಲ.”

ಭವ್ಯಾ ಅಜ್ಜಿಯನ್ನು ಕರೆತರಲು ಎಸ್ಟೇಟ್ ಕೆಲಸದವರ ಲೈನ್ ಮನೆಯ ಕಡೆ ಓಡಿದಳು. ಉಬೈದ್ ಬಸ್‌ಸ್ಟ್ಯಾಂಡಿಗೆ ಹೋದರು.

ಅಮ್ನಾ ಕೈ ಕಟ್ಟಿ ಕೂತಳು. ಸ್ವಲ್ಪ ಹೊತ್ತು ನಿಜವಾಗಿಯೂ ಕಟ್ಟಿಯೇ ಇದ್ದಳು. ಆಮೇಲೆ, ಹೆಡ್‌ಫೋನ್ ಸರಿಯಿದೆಯೋ ಇಲ್ಲವೋ ನೋಡಿಡೋಣ ಅಂದುಕೊಂಡಳು. ಮುಟ್ಟಬೇಡ ಅಂದದ್ದನ್ನು ಮುಟ್ಟಲು ನೆಪಕ್ಕೇನು ಬರವೇ! ಹೆಡ್‌ಫೋನ್ ಸಿಕ್ಕಿಸಿ, ‘ಭವಿಗೆ’ ಮೇಲೆ ಒತ್ತಿದಳು.

ಒಂದು ನಗು. ಒಂದು ಕೆಮ್ಮು. “ಹಲೋ... ಕೇಳ್ತಿದ್ಯಾ ಭವೀ? ಅಮ್ಮ ಕಣೇ. ನೀನು ದೊಡ್ಡೋಳಾದ್ಮೇಲೆ...”

ಢಮಾರ್! ಚಾರ್ಮಾಡಿ ಕಡೆಯಿಂದ ಗುಡುಗು. ಅಂಗಡಿಯ ಶಟರ್ ಅದುರಿತು.

ಗುಡುಗಿಗೆ ಹೆದರದವರು ಈ ಊರಲ್ಲಿ ಇರಬಹುದು, ಗುಡುಗಿದಾಗ ಪ್ಲಗ್ ಕೀಳದವರು ಇಲ್ಲ. ‘ಓಡು, ಪ್ಲಗ್ ತೆಗಿ!’ ಎಂದು ಅಮ್ನಾಗೆ ಹೇಳಿಕೊಟ್ಟವರು ಅಬ್ಬಾನೇ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಓಡುವವಳೂ ಅವಳೇ. ಈಗಲೂ ಅವಳ ಕೈ ಅವಳನ್ನು ಕೇಳಲಿಲ್ಲ. ಎದ್ದು ಹಾರಿತು, ಪ್ಲಗ್ ಕಿತ್ತಿತು.

ಗಿರ್ರ್ ಎನ್ನುತ್ತಿದ್ದದ್ದು ಸಣ್ಣಗಾಗುತ್ತಾ ಹೋಗಿ ನಿಂತಿತು. ಆಗ ಅಮ್ನಾಗೆ ತಾನು ಮಾಡಿದ್ದು ಗೊತ್ತಾಯಿತು.

ಆ ಗುಡುಗು ಅದೊಂದೇ. ಆಮೇಲೆ ಹನಿ ಮಳೆಯೂ ಬರಲಿಲ್ಲ.

ಉಬೈದ್ ಬಂದವರೇ ಕಿತ್ತ ಪ್ಲಗ್ ಮತ್ತೆ ಸಿಕ್ಕಿಸಿ ಡಿಸ್ಕನ್ನು ತಿರುವಿದರು. ಬೆಚ್ಚಗೆ ಅಂಗೈಯಲ್ಲಿಟ್ಟುಕೊಂಡು ಮತ್ತೆ ತಿರುವಿದರು. ಈ ಸಲ ಒಳಗಿಂದ ‘ಕರ್ರ್’ ಎಂದು ತಟ್ಟೆ ಕೆರೆದ ಸದ್ದು ಬಂತು. ಅವರು ಸ್ವಿಚ್ ಆರಿಸಿ, ಡಿಸ್ಕನ್ನು ಮೆಲ್ಲಗೆ ಕೆಳಗಿಟ್ಟರು. ಬೈದಿದ್ದರೆ ಅಮ್ನಾ ಅಳಬಹುದಿತ್ತು. ಅವರು ಬೈಯಲಿಲ್ಲ.

“ಪ್ಲಗ್ ಕೀಳು ಅಂತ ಕಲಿಸಿದ್ದು ನಾನೇ” ಎಂದರಷ್ಟೇ.

ಬಾಗಿಲಲ್ಲಿ ಭವ್ಯಾ ಮತ್ತು ಅಜ್ಜಿ ನಿಂತಿದ್ದರು. ಅಜ್ಜಿ ಒಗೆದ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಿದ್ದರು. ಹೆಡ್‌ಫೋನ್ ಇನ್ನೂ ಅಮ್ನಾಳ ಕುತ್ತಿಗೆಯಲ್ಲೇ ಇತ್ತು.

“ನೀನ್ ಕೇಳಿದ್ಯಾ?” ಎಂದಳು ಭವ್ಯಾ.

“ಸ್ವಲ್ಪ...”

“ನಂಗಿಂತ ಮೊದ್ಲು? ನನ್ನಮ್ಮಂದು?”

ಅಮ್ನಾ ಹೆಡ್‌ಫೋನನ್ನು ಕುತ್ತಿಗೆಯಿಂದ ತೆಗೆದು ಟೇಬಲ್ ಮೇಲಿಟ್ಟಳು.

“ಏನಂದ್ರು? ಹೇಳು. ಅಮ್ಮ ಹೇಳ್ದಂಗೇ ಹೇಳು.”

ಅಮ್ನಾ ಹೇಳಿದಳು. ಒಂದು ಅಕ್ಷರ ಬಿಡದೆ ಹೇಳಿದಳು. ಆದರೆ ಬಾಯಿಂದ ಬಂದದ್ದು ಅಮ್ನಾಳ ದನಿಯೇ. ಯಲ್ಲಮ್ಮ ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿದರು.

“ಹಂಗಲ್ಲ ಮಗಾ ಅವ್ಳು ಮಾತಾಡ್ತಿದ್ದದ್ದು” ಎಂದರು.

ಮರುದಿನ ಕ್ಲಾಸಿನಲ್ಲಿ ಭವ್ಯಾ ಬೇರೆ ಬೆಂಚಿಗೆ ಹೋದಳು. ಅಮ್ನಾಳ ಪಕ್ಕದ ಜಾಗ ಹಾಗೇ ಖಾಲಿ ಉಳಿಯಿತು. ಊಟದ ಬೆಲ್ ಆದಾಗ ನಲ್ಲಿಯ ಹತ್ತಿರ ಭವ್ಯಾಳೇ ಬಂದು ನಿಂತಳು. ಮುಖ ನೋಡದೆ ತಟ್ಟೆ ತೊಳೆಯುತ್ತಾ ಕೇಳಿದಳು.

“ನಕ್ಕಿದ್ದು ಮೊದ್ಲಾ? ಕೆಮ್ಮಿದ್ದು ಮೊದ್ಲಾ?”

ಅಮ್ನಾಗೆ ನಿನ್ನೆ ಗೊತ್ತಿತ್ತು. ರಾತ್ರಿಯೆಲ್ಲಾ ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡು ಮಲಗಿದ್ದಳು. ಈಗ ಕಿವಿಯಲ್ಲಿ ಹುಡುಕಿದರೆ ಕೇಳಿಸುತ್ತಿದ್ದದ್ದು ಅವಳದೇ ದನಿ. ಭವ್ಯಾಳ ಅಮ್ಮ ಅಲ್ಲೂ ಇರಲಿಲ್ಲ.

ನಗು ಮೊದಲು ಅಂತ ಹೇಳಿಬಿಡಬಹುದಿತ್ತು. ಭವ್ಯಾ ನಂಬುತ್ತಿದ್ದಳು. ನಂಬಿ, ಅದನ್ನೇ ಅಮ್ಮನ ನಗು ಅಂತ ದೊಡ್ಡವಳಾಗುವ ತನಕ ಇಟ್ಟುಕೊಳ್ಳುತ್ತಿದ್ದಳು.

“ಮರ್ತೋಯ್ತು ಕಣೇ” ಎಂದಳು ಅಮ್ನಾ.

ಭವ್ಯಾ ನಲ್ಲಿ ನಿಲ್ಲಿಸಿ, ತಟ್ಟೆಯ ನೀರು ಕೊಡವಿ, ಒಳಗೆ ಹೋದಳು.